ಮಡಿಯಾದ ಗಂಟುಗಳು

ಮಹಾಂತಯ್ಯನ ಸೀನಿಗೆ ಸರಕಾರಿ ರಜೆಯಿರಲಿಲ್ಲ. ರಾಯಚೂರಿನ ಆ ಹಳೆಯ ದಾಖಲೆ ಕೋಣೆಯ ಬೀಗ ತೆಗೆದೊಡನೆ ಅದು ಹಾಜರಿ ಹಾಕುತ್ತಿತ್ತು. ಸಂಜೆ ಬೀಗ ಬಿದ್ದ ಮೇಲೆಯೇ ಹೊರಡುತ್ತಿತ್ತು. ನಿಜಾಮನ ಕಾಲದ ಕಾಗದಗಳು ಕೆಂಪು ಬಟ್ಟೆಯ ಗಂಟುಗಳಲ್ಲಿ ಛಾವಣಿಯ ತನಕ ಪೇರಿಕೊಂಡಿದ್ದವು. ಎಲ್ಲವೂ ಉರ್ದು. ಓದಬಲ್ಲವರು ನಿವೃತ್ತರಾಗಿ ಬಹುಕಾಲವಾಗಿತ್ತು. ಧೂಳು ಮಾತ್ರ ಸೇವೆಯಲ್ಲಿ ಉಳಿದಿತ್ತು.

ತನ್ನೂರಾದ ಮಾನ್ವಿಗೆ ವರ್ಗವಾಗಬೇಕೆಂಬುದೊಂದೇ ಈ ಕೋಣೆಯ ಗುಮಾಸ್ತ ಮಹಾಂತಯ್ಯನ ಹಂಬಲ. ಅಲ್ಲಿಯ ಕಚೇರಿಗೆ ಕಿಟಕಿಯಿತ್ತು, ಮನೆ ಕೂಗಳತೆಯಲ್ಲಿತ್ತು. ರಾಷ್ಟ್ರದ ಸಂಗ್ರಹಕ್ಕೆ ಯೋಗ್ಯವಾದ ಕಾಗದಗಳನ್ನು ಆರಿಸಲು ಅಂದು ಮಧ್ಯಾಹ್ನ ರಾಜಧಾನಿಯಿಂದ ಪರಿಶೀಲನಾಧಿಕಾರಿ ಬರುವವರಿದ್ದರು. ವರ್ಗದ ಅರ್ಜಿಯ ಮೇಲೆ ಅವರ ಒಳ್ಳೆಯ ಮಾತೊಂದು ಬಿದ್ದರೆ ಸಾಕಿತ್ತು.

ಬೆಳಿಗ್ಗೆಯೇ ಪಕ್ಕದ ಮೇಜಿನ ಗುಮಾಸ್ತೆ ಶಶಿಕಲಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಳು. ತನ್ನದೊಂದನ್ನು ಬಿಟ್ಟು ಉಳಿದೆಲ್ಲರ ಕೆಲಸವೂ ಆಕೆಗೆ ಚೆನ್ನಾಗಿ ಬರುತ್ತಿತ್ತು.

“ಏನ್ರೀ ಇದು ಮಹಾಂತಯ್ಯನವರ! ಸಾಹೇಬ್ರು ಬಂದು ಸೀನಿದ್ರ ಮಾನ್ವಿ ಮರತುಬಿಡ್ರಿ. ಗಂಟು ಬಿಚ್ಚಿ ಅರಿವಿ ಒಗಸ್ರಿ ಮೊದಲ.”

“ಅಷ್ಟರಾಗ ಒಣಗ್ತಾವೇನ್ರಿ?”

“ರಾಯಚೂರ ಬಿಸಲಿನಾಗ ಮನಷ್ಯಾನ ಒಣಗ್ತಾನ, ಅರಿವಿ ಯಾವ ಲೆಕ್ಕ?”

ಜವಾನ ಜಂಬಣ್ಣ ಅಂಗಳದ ತೊಟ್ಟಿಗೆ ನೀರು ತುಂಬಿಸಿದ. ಸೋಪು ಸರಕಾರದ್ದೆಂದು ಕಂಡುಕೊಂಡು ತನ್ನ ಬಿಳಿ ಅಂಗಿಗಳನ್ನೂ ಗುಟ್ಟಾಗಿ ಸೇರಿಸಿದ. ಅವು ಮದುಮಗಳ ಸೀರೆಯಂತೆ ಕೆಂಪಾಗಿ ಎದ್ದವು. ಇತ್ತ ಶಶಿಕಲಾ, ಬಿಚ್ಚಿದ ಕಾಗದಗಳು ಹಾರಿಹೋಗದಿರಲೆಂದು ಎಲ್ಲವನ್ನೂ ಒಂದೇ ರಾಶಿ ಮಾಡಿ ಮೇಲೆ ಕುರ್ಚಿ ಇಟ್ಟಳು.

ಒಣಗಿದ ಬಟ್ಟೆಗಳನ್ನು ಮಹಾಂತಯ್ಯ ಒಂದೊಂದಾಗಿ ತಿರುವಿ ನೋಡಿದ. ಪ್ರತಿ ಬಟ್ಟೆಯ ಮೇಲೂ ಹೊಲಿದಿದ್ದ ಪಟ್ಟಿಯಲ್ಲಿ ಹಿಂದಿನವರು ಮಸಿಯಿಂದ ಕನ್ನಡದಲ್ಲಿ ಊರಿನ ಹೆಸರು ಬರೆದಿದ್ದರು. ಈಗ ಪಟ್ಟಿಗಳು ಹಸುಗೂಸಿನ ಹಣೆಯಂತೆ ನುಣ್ಣಗಿದ್ದವು.

“ಜಂಬಣ್ಣಾ, ಗಬ್ಬೂರು ಎಲ್ಲಿ ಹೋತಲೇ?”

“ಎಲ್ಲಿ ಹೋಗ್ತದ್ರಿ ಯಪ್ಪಾ? ದೇವದುರ್ಗ ತಾಲೂಕಿನಾಗ ಅದ.”

“ಲೇ, ಅರಿವಿ ಮ್ಯಾಲಿನ ಹೆಸರು ಕೇಳಾಕತ್ತೀನಿ!”

“ಅವೇನ್ರಿ? ಮಸಿ ಕಲೆ ಅಂತ ತಿಳಕೊಂಡು ತಿಕ್ಕಿ ತಿಕ್ಕಿ ತಗದೀನ್ರಿ. ಭಾಳ ಗಟ್ಟಿ ಇದ್ವು, ಕೈ ನೋಯ್ತಾವ,” ಎಂದು ಜಂಬಣ್ಣ ಮೆಚ್ಚುಗೆಗಾಗಿ ಕಾದ.

ಮೆಚ್ಚುವಷ್ಟು ಹೊತ್ತಿರಲಿಲ್ಲ. ಸಂತೆಯಲ್ಲಿ ಉಳ್ಳಾಗಡ್ಡಿ ಪಾಲು ಹಾಕುವಂತೆ ರಾಶಿಯನ್ನು ಅಂದಾಜಿನಲ್ಲಿ ಹಂಚಿ ಮೂವರೂ ಗಂಟು ಕಟ್ಟಿದರು. ಕೊನೆಯ ಗಂಟು ಬಿಗಿಯುವಷ್ಟರಲ್ಲಿ ಅಧಿಕಾರಿಯ ಕಾರು ನಿಂತಿತು.

“ಭಲೇ, ಎಷ್ಟು ಶುಭ್ರವಾಗಿದೆ!” ಎಂದು ಹಿಗ್ಗಿದ ಅಧಿಕಾರಿ ಮರುಗಳಿಗೆ ಹುಬ್ಬು ಗಂಟಿಕ್ಕಿದರು. “ಆದರೆ ಹೆಸರುಗಳೇ ಇಲ್ಲವಲ್ಲ?”

ಮಹಾಂತಯ್ಯ ಬಾಯಿ ತೆರೆಯುವ ಮೊದಲೇ ಶಶಿಕಲಾ ನುಗ್ಗಿದಳು. “ನಮ್ಮ ಮಹಾಂತಯ್ಯನವರಿಗೆ ಹೆಸರು ಬೇಕಾಗಿಲ್ರಿ ಸರ್. ಗಂಟು ಮುಟ್ಟಿದ್ರ ಊರು ಹೇಳ್ತಾರ.”

“ಹೌದೇ? ಮಸರಕಲ್ ತೆಗೆಯಿರಿ, ನೋಡೋಣ.”

ಬೇರೆ ದಾರಿಯಿರಲಿಲ್ಲ. ಮಹಾಂತಯ್ಯ ನಾಡಿ ಹಿಡಿಯುವ ವೈದ್ಯನಂತೆ ಕಣ್ಣು ಮುಚ್ಚಿ, ಎರಡು ಗಂಟು ತಡವಿ, ಮೂರನೆಯದನ್ನು ಎಳೆದ. ಅಧಿಕಾರಿ ಅದನ್ನು ಬಿಚ್ಚಿ, ಕನ್ನಡಕ ಏರಿಸಿ, ಸಾಲುಗಳ ಮೇಲೆ ಎಡದಿಂದ ಬಲಕ್ಕೆ ಗಂಭೀರವಾಗಿ ಬೆರಳಾಡಿಸಿದರು. ಉರ್ದು ಬಲದಿಂದ ಎಡಕ್ಕೆ ಓದುವ ಬರಹವೆಂಬುದು ಆ ಬೆರಳಿಗೆ ತಿಳಿದಿರಲಿಲ್ಲ.

“ಅದ್ಭುತ! ಮಸರಕಲ್ಲೇ. ಎಲ್ಲಿ, ಮಲ್ಲಟ?”

ಮಹಾಂತಯ್ಯ ಕೈಗೆ ಸಿಕ್ಕಿದ್ದನ್ನು ಕೊಟ್ಟ. ಅದೂ ಮಲ್ಲಟವೇ ಆಯಿತು. ಅಜ್ಞಾನಕ್ಕೆ ಅಜ್ಞಾನ ಸಾಕ್ಷಿ ನುಡಿದರೆ ತೀರ್ಪು ತಪ್ಪುವುದುಂಟೆ? ಅಧಿಕಾರಿಯ ಮುಂದೆ ಅವನಿಗೆ ಒಂದು ಸೀನೂ ಬರಲಿಲ್ಲ. ಮಾನ್ವಿಯ ಕಿಟಕಿಯಿಂದ ಆಗಲೇ ಗಾಳಿ ಬೀಸಿದಂತಾಯಿತು. ಕೈಮುಗಿದು ಅರ್ಜಿ ಒಪ್ಪಿಸಿದ. ಅಧಿಕಾರಿ ಅದರ ಮೇಲೆ ಉದ್ದಕ್ಕೆ ಬರೆದು ಮರಳಿ ಕೊಟ್ಟು, ಅವನ ಬೆನ್ನು ತಟ್ಟಿ, ಕಾರು ಹತ್ತಿದರು.

ಅರ್ಜಿಯನ್ನು ಶಶಿಕಲಾ ಕಸಿದುಕೊಂಡು ಗಟ್ಟಿಯಾಗಿ ಓದಿದಳು: “ಮುಟ್ಟಿದ ಮಾತ್ರಕ್ಕೆ ದಾಖಲೆಯನ್ನು ಗುರುತಿಸುವ ಈ ನೌಕರನು ಸ್ವತಃ ರಾಷ್ಟ್ರದ ಸಂಪತ್ತು. ನಿವೃತ್ತಿಯವರೆಗೆ ಈತನನ್ನು ಈ ಕೋಣೆಯಿಂದ ಕದಲಿಸತಕ್ಕದ್ದಲ್ಲ. ಸೋಮವಾರ ಉರ್ದು ಬಲ್ಲ ವಿದ್ವಾಂಸರು ಬರುವರು; ಅವರು ಕೇಳಿದ ಗಂಟುಗಳನ್ನು ಈತನೇ ತೆಗೆದುಕೊಡತಕ್ಕದ್ದು.”

ಮಹಾಂತಯ್ಯ ಕೋಣೆ ನಡುಗುವಂತೆ ಸೀನಿದ.

“ನೂರು ವರ್ಷ ಬಾಳ್ರಿ,” ಎಂದು ಶಶಿಕಲಾ ಹರಸಿದಳು. “ಇನ್ನೇನ್ರಿ, ಇಲ್ಲೇ!”