ಅಂಟಾರ್ಕ್ಟಿಕಾಕ್ಕೆ ಹೊರಟ ಈರೇಶ

ಈರೇಶನ ಕಾಗದವನ್ನು ಈರೇಶನಿಗಿಂತ ಮೊದಲೇ ಪಕ್ಕದ ಮನೆಯ ನಲ್ಲಪ್ಪ ಓದಿಬಿಟ್ಟದ್ದೇ ಎಲ್ಲ ತಾಪತ್ರಯಕ್ಕೂ ಮೂಲ.

ಈರೇಶ ಪೀಣ್ಯದ ಜನರೇಟರ್ ಕಾರ್ಖಾನೆಯಲ್ಲಿ ಮೆಕ್ಯಾನಿಕ್. ಮದುವೆಯಾಗಿರಲಿಲ್ಲ. ರಾಜಗೋಪಾಲನಗರದ ವಠಾರವೊಂದರಲ್ಲಿ ಒಂದೇ ಕೋಣೆಯ ಮನೆ. ನಲ್ಲಪ್ಪ ಸರ್ಕಾರಿ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಇಪ್ಪತ್ತೆಂಟು ವರ್ಷ ಅಡುಗೆ ಮಾಡಿ, ಸ್ವಯಂನಿವೃತ್ತಿ ಪಡೆದು, ಈಗ ಪೂರ್ತಿ ಹೊತ್ತು ಈರೇಶನ ಉದ್ಧಾರಕ್ಕೆ ನಿಂತವರು. ಹಲ್ಲುಜ್ಜುವ ಬಗೆಯಿಂದ ಹಿಡಿದು ಹೆಣ್ಣು ನೋಡುವ ಬಗೆಯವರೆಗೆ ಅವರ ಸಲಹೆಗಳು ಕಂಪ್ರೆಸರಿನ ಸದ್ದಿನಂತೆ ಭಾನುವಾರವೂ ನಿಲ್ಲುತ್ತಿರಲಿಲ್ಲ.

ಅಂಟಾರ್ಕ್ಟಿಕಾದ ಸಂಶೋಧನಾ ಕೇಂದ್ರದಲ್ಲಿ ಹದಿನಾಲ್ಕು ತಿಂಗಳು ಜನರೇಟರ್ ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್ ಬೇಕೆಂದು ಕಾರ್ಖಾನೆಯ ಬೋರ್ಡಿನಲ್ಲಿ ಕಂಡಾಗ ಈರೇಶನ ಕಣ್ಣು ತುಂಬಿ ಬಂತು. ಕಣ್ಣು ಹಾಯುವಷ್ಟು ದೂರ ಬರೀ ಹಿಮ. ಮನೆಯಿಲ್ಲ, ಮಠವಿಲ್ಲ, ಮುಖ್ಯವಾಗಿ ಪಕ್ಕದ ಮನೆಯಿಲ್ಲ! ಯಾರಿಗೂ ಹೇಳದೆ ಅರ್ಜಿ ಹಾಕಿದ.

"ಕವರು ತಾನಾಗೇ ಬಿಚ್ಕೊಂಡಿತ್ತು ಕಣೋ," ಎಂದು ಬೆಳಿಗ್ಗೆ ಏಳಕ್ಕೆ ನಲ್ಲಪ್ಪ ಕಾಗದ ಕೊಟ್ಟರು. "ಇವತ್ತು ಹನ್ನೆರಡಕ್ಕೆ ನಿಮ್ ಫ್ಯಾಕ್ಟರೀಲೇ ಇಂಟರ್ವ್ಯೂ ಅಂತೆ. ಮೊದಲೇ ಹೇಳೋದಲ್ವೇನೋ?"

"ಹೇಳೋದೇನಿದೆ ನಲ್ಲಪ್ಪಣ್ಣ? ಕೆಲಸ ನಂದೇ. ನನ್ನಷ್ಟು ಚೆನ್ನಾಗಿ ಇಂಜಿನ್ ಬಲ್ಲೋನು ಇಡೀ ಪೀಣ್ಯದಲ್ಲಿ ಇಲ್ಲ."

"ಇಂಜಿನ್ ಬಿಡು, ಚಳಿ ತಡ್ಕೋತೀಯಾ?"

ಅರ್ಧ ಗಂಟೆಯಲ್ಲಿ ಸುದ್ದಿ ವಠಾರವೆಲ್ಲ ಸುತ್ತಿತು. ನಲ್ಲಪ್ಪನ ಹೆಂಡತಿ ಪಿಳ್ಳಮ್ಮ ಮಂಕಿ ಕ್ಯಾಪ್ ತಂದು ಈರೇಶನ ತಲೆಗೆ ಎಳೆದರು. ಎದುರು ಮನೆಯ ಅಂಜಿನಮ್ಮ, "ದಾರೀಲಿ ಎಲ್ಲಾದ್ರೂ ಒಳ್ಳೆ ಹುಣಸೇಹಣ್ಣು ಸಿಕ್ಕಿದ್ರೆ ತಗೊಂಬಾರಪ್ಪ," ಎಂದರು. ನಲ್ಲಪ್ಪನಂತೂ ಹನ್ನೊಂದರ ಹೊತ್ತಿಗೆ ಐಸ್ ಫ್ಯಾಕ್ಟರಿಯಿಂದ ಸೈಕಲ್ಲಿನ ಮೇಲೆ ಎರಡು ಭಾರಿ ಮಂಜುಗಡ್ಡೆ ತಂದು ಅಂಗಳದಲ್ಲಿ ಇಳಿಸಿದರು.

"ಕೂತ್ಕೋ. ಪ್ರಾಕ್ಟೀಸು."

"ಇದೆಲ್ಲ ನಂಗೇನ್ ಮಹಾ!" ಎಂದು ಈರೇಶ ಧೈರ್ಯವಾಗಿ ಕೂತ. ಹತ್ತು ನಿಮಿಷಕ್ಕೆ ಸೊಂಟದಿಂದ ಕೆಳಗೆ ಏನೂ ಇದ್ದಂತೆ ಅನ್ನಿಸಲಿಲ್ಲ. ಏಳಲು ಹೋದರೆ ಪ್ಯಾಂಟು ಗಡ್ಡೆಗೆ ಕಚ್ಚಿಕೊಂಡಿತ್ತು. ಪಿಳ್ಳಮ್ಮ ಬಿಸಿನೀರು ಹುಯ್ದರು, ಅವನ ಕಿರುಚಾಟ ಬಸ್ ಸ್ಟಾಪಿನವರೆಗೂ ಕೇಳಿಸಿತು. ಇದ್ದ ಇನ್ನೊಂದು ಪ್ಯಾಂಟು ಅಗಸರ ಮನೆಯಲ್ಲಿತ್ತು. ಒದ್ದೆ ಪ್ಯಾಂಟಿನಲ್ಲೇ ಹೊರಟ.

"ನಾನೂ ಬರ್ತೀನಿ. ಹೊಟ್ಟೆಗಿಲ್ಲದೆ ಇಂಟರ್ವ್ಯೂ ಕೊಡಬಾರ್ದು," ಎಂದು ನಲ್ಲಪ್ಪ ನಾಲ್ಕು ಡಬ್ಬಿಯ ಟಿಫಿನ್ ಕ್ಯಾರಿಯರ್ ಹಿಡಿದು ಬೆನ್ನಿಗೆ ಬಿದ್ದರು.

ಕಾರ್ಖಾನೆಯ ಆಫೀಸಿನೊಳಗೆ ಮೂವರು ಅಧಿಕಾರಿಗಳು. ನಲ್ಲಪ್ಪ ಕ್ಯಾರಿಯರ್ ಸಮೇತ ಬಾಗಿಲ ಹೊರಗೆ ಕೂತರು. ಈರೇಶನ ಹಲ್ಲು ಕಟಕಟ ಎನ್ನುತ್ತಿತ್ತು.

"ಏನ್ರೀ, ಪೀಣ್ಯದಲ್ಲೇ ನಡುಗ್ತಾ ಇದೀರಾ?"

"ಪ್ರಾಕ್ಟೀಸು ಸಾರ್." ಹೊರಗೆ ಓಡುತ್ತಿದ್ದ ಜನರೇಟರಿನತ್ತ ಅವನು ಕಿವಿಯಾನಿಸಿದ. "ಸಾರ್, ಆ ಇಂಜಿನ್ನಿನ ಮೂರನೇ ಸಿಲಿಂಡರ್ ಸರಿಯಾಗಿ ಹೊಡೀತಾ ಇಲ್ಲ."

ಹೋಗಿ ಬಿಚ್ಚಿ ನೋಡಿದರೆ ಹಾಗೇ ಇತ್ತು. ದೊಡ್ಡ ಅಧಿಕಾರಿ ತಲೆದೂಗಿದರು. "ಹದಿನಾಲ್ಕು ತಿಂಗಳು, ಬರೀ ನಿಶ್ಶಬ್ದ. ಬೇಜಾರಾಗಲ್ವಾ?"

"ಆ ನಿಶ್ಶಬ್ದಕ್ಕೇ ಸಾರ್ ನಾನು ಬರ್ತಿರೋದು!"

ಅವರು ಅಲ್ಲೇ ಕೈಕುಲುಕಿದರು. "ಊಟ ಮುಗಿಸ್ಕೊಂಡು ಬರ್ತೀವಿ. ಆರ್ಡರ್ ತಗೊಂಡೇ ಹೋಗಿ."

ಈರೇಶ ಶೆಡ್ಡಿನ ಮುಂದಿನ ಬಿಸಿಲಲ್ಲಿ ಪ್ಯಾಂಟು ಒಣಗಿಸುತ್ತಾ ಒಂದು ಗಂಟೆ ಹಿಮದ ಕನಸು ಕಂಡ. ಕೊನೆಗೂ ಬಿಡುಗಡೆ!

ಕರೆ ಬಂದು ಒಳಗೆ ಹೋದರೆ ಮೂವರೂ ಬೆರಳು ನೆಕ್ಕುತ್ತಿದ್ದರು. ಮೇಜಿನ ಮೇಲೆ ಖಾಲಿ ಡಬ್ಬಿಗಳು. ಪಕ್ಕದಲ್ಲಿ ಮದುವಣಿಗನಂತೆ ನಾಚುತ್ತಾ ನಲ್ಲಪ್ಪ.

"ಏನ್ ಬಿಸಿಬೇಳೆಭಾತ್ ರೀ!" ಎಂದರು ದೊಡ್ಡ ಅಧಿಕಾರಿ. "ಹೋದ ವರ್ಷದೋರು ಬ್ರೆಡ್ ತಿಂದು ತಿಂದು ಅತ್ಕೊಂಡು ಬಂದ್ರು. ನಮಗೆ ಇಂಥ ಅಡುಗೆಯವರೇ ಬೇಕಿತ್ತು. ಇವರ ಮನೆಯವರಿಗೂ ಫೋನ್ ಮಾಡಿ ಕೇಳಿದ್ವಿ. ಹದಿನಾಲ್ಕು ತಿಂಗಳು ಅಂದ ತಕ್ಷಣ ಒಪ್ಕೊಂಡ್ರು. ಇನ್ನೂ ಜಾಸ್ತಿ ಆದ್ರೂ ಪರವಾಗಿಲ್ಲ ಅಂದ್ರು."

ಈರೇಶ ಗೋಡೆ ಹಿಡಿದುಕೊಂಡ. ಈಗ ನಡುಕ ನಿಜವಾಗಿಯೂ ಶುರುವಾಗಿತ್ತು.

ನಲ್ಲಪ್ಪ ಅವನ ಹೆಗಲ ಮೇಲೆ ಕೈ ಹಾಕಿದರು. "ನಮ್ಮಿಬ್ಬರಿಗೂ ಒಂದೇ ರೂಮು ಹಾಕ್ಸಿದೀನಿ ಕಣೋ. ಆರು ತಿಂಗಳು ಹೊರಗೆ ಕಾಲಿಡೋ ಹಾಗೇ ಇಲ್ವಂತೆ. ಕೂತು ಬೇಕಾದಷ್ಟು ಮಾತಾಡೋಣ!"