ಸೆಕೆಂಡಿಗೆ ಅರವತ್ತು ದೇವೀರತ್ತೆ

ಒಂದು ಸೆಕೆಂಡೆಂದರೆ ಇಷ್ಟು ದೊಡ್ಡದೆಂದು ನನಗೆ ಯಾರೂ ಹೇಳಿರಲಿಲ್ಲ. ರೆಪ್ಪೆ ಮಿಟುಕಿಸುವಷ್ಟರಲ್ಲಿ ಮುಗಿಯುವ ಪಾಪದ್ದು ಅಂದುಕೊಂಡು ಅದನ್ನು ಲಕ್ಷಗಟ್ಟಲೆ ಪೋಲು ಮಾಡಿದ್ದೇನೆ. ಶಾಲೆಯ ಸ್ಟಾಫ್‌ರೂಮಿನಲ್ಲಿ ಕೂತು ಮಾಡಿದ್ದೇ ಹೆಚ್ಚು. ಮಗಳ ಮದುವೆಗೆಂದು ಕೊಂಡ ಹೊಸ ಫೋನಿನಲ್ಲಿ ವಿಡಿಯೊ ಸೆಟ್ಟಿಂಗ್ ತೆರೆದರೆ ಇಪ್ಪತ್ನಾಲ್ಕು, ಮೂವತ್ತು, ಅರವತ್ತು ಎಂದು ಬರೆದಿತ್ತು. ಇದೇನೆಂದು ಮಗಳನ್ನು ಕೇಳಿದೆ. "ಒಂದು ಸೆಕೆಂಡಲ್ಲಿ ಎಷ್ಟು ಚಿತ್ರ ತೆಗೀಬೇಕು ಅಂತ ಅಪ್ಪ" ಎಂದಳು. ಅರವತ್ತೇ! ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಎರಡು ದಿನಕ್ಕೂ ಸೇರಿ ಅಷ್ಟು ಚಿತ್ರಗಳಿಲ್ಲ. ಇರುವುದರಲ್ಲೂ ಅರ್ಧದಲ್ಲಿ ನಾನು ಕಣ್ಣು ಮುಚ್ಚಿದ್ದೇನೆ. ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ದೇವರ ಪಟ ನೋಡುವಂತೆ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕುಳಿತೆ.

ಇದೆಲ್ಲ ಬೇಕಾಗಿದ್ದು ದೇವೀರತ್ತೆಗಾಗಿ. ಅವಳು ನಮ್ಮಪ್ಪನ ತಂಗಿ. ಗಾವಡಗೆರೆ ಪಕ್ಕದ ಹಳ್ಳಿಯಲ್ಲಿ ಮಗ, ಸೊಸೆ, ಹೊಗೆಸೊಪ್ಪು ಎಲ್ಲವನ್ನೂ ಬೈಯುತ್ತಾ ಚೆನ್ನಾಗಿಯೇ ಇದ್ದಾಳೆ. ನಮ್ಮ ಮನೆಯ ಹೆಣ್ಣುಮಕ್ಕಳನ್ನು ಹಸೆಗೆ ಕರೆಯುವ ಸೋಬಾನೆ ಪದ ಈಗ ಉಳಿದಿರುವುದು ಅವಳೊಬ್ಬಳ ಬಾಯಲ್ಲಿ. ಮುತ್ತಜ್ಜಿಯಿಂದ ಹಿಡಿದು ಮದುವೆಯ ಹುಡುಗಿಯವರೆಗೆ ಹೆಸರು ಪೋಣಿಸಿಕೊಂಡು ಹಾಡುತ್ತಾಳೆ. "ಅಜ್ಜಿ ಪದ ಕೇಳದೆ ನಾನು ಹಸೆಮಣೆಗೆ ಬರಲ್ಲ" ಎಂದು ಮಗಳ ಹಟ. ಅತ್ತೆಗೋ ಮಂಡಿನೋವು; ಹುಣಸೂರಿನ ಛತ್ರದ ತನಕ ಬರುವುದು ಆಗದ ಮಾತೆಂದು ನಾನೇ ತೀರ್ಮಾನಿಸಿ, ವಿಡಿಯೊ ಮಾಡಿ ಛತ್ರದ ದೊಡ್ಡ ಪರದೆಯಲ್ಲಿ ಹಾಕಿಸಿದರಾಯಿತು ಅಂದುಕೊಂಡೆ. ಮೊಬೈಲ್ ಅಂಗಡಿಯವನು "ಮೂವತ್ತು ಸಾಕು ಸಾರ್" ಎಂದಿದ್ದ. ಅಗ್ಗದ್ದಕ್ಕೇ ಕೈ ಹಾಕುವವನು ನಾನು, ನಿಜ. ಆದರೆ ಇಲ್ಲಿ ಅರವತ್ತೂ ಬಿಟ್ಟಿ! ಕೂದಲೆಳೆಯೂ ಕಾಣುವಷ್ಟು ಸ್ಪಷ್ಟವಾದ ಫೋರ್‌ಕೆ, ಅರವತ್ತು, ಎರಡನ್ನೂ ಒತ್ತಿಕೊಂಡು ಭಾನುವಾರ ಕಾರಿನಲ್ಲಿ ಹೊರಟೆ.

"ಒಂದು ಸೆಕೆಂಡಿಗೆ ನಿಂದು ಅರವತ್ತು ಫ್ರೇಮ್ ಬರುತ್ತೆ ಅತ್ತೆ" ಎಂದೆ ಹೆಮ್ಮೆಯಿಂದ. ಅತ್ತೆ ಗೋಡೆಯತ್ತ ತಿರುಗಿ, ಹಾರ ಹಾಕಿಸಿಕೊಂಡು ಕೂತಿದ್ದ ತನ್ನ ಅತ್ತೆಯ ಫೋಟೊ ನೋಡಿದಳು.

"ಲೇ, ಬದ್ಕಿರೋಳ್ಗೇ ಫ್ರೇಮ್ ಆಕ್ಸಕ್ ಬಂದಿದ್ದೀಯಾ? ಅದೂ ಅರವತ್ತು! ನಮ್ಮತ್ತೆ ಅಂಥಾ ಗಯ್ಯಾಳಿ, ಅವಳ್ಗೇ ಒಂದು ಸಾಕಾಗೈತೆ ಕಣ್ಲಾ."

ಸಮಾಧಾನ ಮಾಡಿ ಬಾಗಿಲ ಬೆಳಕಿಗೆ ಕೂರಿಸಿದೆ. ಅತ್ತೆ ಕಣ್ಣು ಮುಚ್ಚಿ ಪದ ಎತ್ತಿಕೊಂಡಳು. ಫೋನಿನಲ್ಲಿ ಅವಳ ಮುಖ ನೋಡಿದೆ. ಹುಬ್ಬಿನ ಒಂದೊಂದು ನರೆಗೂದಲು, ಮೂಗುಬೊಟ್ಟಿನ ಕಲ್ಲಿನೊಳಗೆ ಇಡೀ ಬಾಗಿಲು, ಗಲ್ಲದ ಮೇಲೆ ಹಚ್ಚೆಯ ಹಸಿರು ಚುಕ್ಕಿ. ಅವಳ ತೊಡೆಯ ಮೇಲೆ ಬೆಳೆದವನಾದರೂ ಆ ಚುಕ್ಕಿಯನ್ನು ಕಂಡದ್ದು ಅವತ್ತೇ. ಪದ ಮುತ್ತಜ್ಜಿಯನ್ನು ದಾಟಿ ನಮ್ಮಮ್ಮನ ಹೆಸರಿಗೆ ಬಂದಾಗ ಫೋನನ್ನು ಇನ್ನಷ್ಟು ಹತ್ತಿರ ಹಿಡಿದೆ. ಇನ್ನು ಬರಬೇಕಾದದ್ದು ನನ್ನ ಮಗಳ ಹೆಸರು. ಅಷ್ಟರಲ್ಲಿ ಫೋನು ಜಾಗ ತುಂಬಿತೆಂದು ನಿಂತೇಹೋಯಿತು. ಹಳೆಯ ಫೋನಿನ ಶುಭೋದಯದ ಚಿತ್ರಗಳನ್ನೆಲ್ಲ ಜತನದಿಂದ ಹೊಸದಕ್ಕೆ ತುಂಬಿಸಿಕೊಂಡಿದ್ದ ಜಾಣ ನಾನು. ಗುಲಾಬಿ ಹೂಗಳನ್ನು ಒಂದೊಂದಾಗಿ ಅಳಿಸುತ್ತಾ ಕುಳಿತೆ.

"ಯಾಕ್ಲಾ, ಏನಾಯ್ತು?" ಎಂದಳು ಅತ್ತೆ.

"ಫೋನಲ್ಲಿ ಜಾಗ ಸಾಲ್ತಿಲ್ಲ ಅತ್ತೆ."

"ಫೋನಲ್ಲಿ ಇಲ್ದಿದ್ರೆ ಬುಡು. ನಿನ್ ಕಾರಲ್ಲಿ ಜಾಗ ಐತಲ್ಲ? ಮದ್ವೆ ದಿನ ಬಂದು ಕರ್ಕೊಂಡೋಗು. ಮಂಡಿ ನೋಯ್ತದೆ ಅಂದೆ ಕಣ್ಲಾ, ಬರಾಕಿಲ್ಲ ಅಂದಿದ್ನಾ?"

ಸೆಟ್ಟಿಂಗುಗಳನ್ನೆಲ್ಲ ಅಷ್ಟು ತಡಕಿದವನು ಅವಳನ್ನು ಒಂದು ಮಾತು ಕೇಳಿರಲಿಲ್ಲ.

ಅತ್ತೆ ಬಂದಳು. ಕುರ್ಚಿಯಲ್ಲಿ ಕೂತು, ಮೈಕನ್ನು ಪಕ್ಕಕ್ಕೆ ತಳ್ಳಿ ಹಾಡಿದಳು. ಪದದೊಳಗೆ ಮಗಳ ಹೆಸರು ಬಂದಾಗ, ಊಟದ ಎರಡನೇ ಪಂಕ್ತಿಗೆ ಜಾಗ ಹಿಡಿಯಲು ಎದ್ದಿದ್ದವರೂ ಎದ್ದಲ್ಲೇ ನಿಂತರು. ನಮ್ಮ ಕಡೆಯ ಮದುವೆಗಳಲ್ಲಿ ಇದಕ್ಕಿಂತ ದೊಡ್ಡ ಪವಾಡ ನಾನು ಕಂಡಿಲ್ಲ. ನನ್ನ ಎರಡೂ ಕೈಯಲ್ಲಿ ಅಕ್ಷತೆಯ ತಟ್ಟೆ. ಯಾರೋ ನೆಂಟರು ಹಿಂದಿನ ಸಾಲಿನಿಂದ ತೆಗೆದ ವಿಡಿಯೊ ಆಮೇಲೆ ಫ್ಯಾಮಿಲಿ ಗ್ರೂಪಿಗೆ ಬಂತು. ಚುಕ್ಕಿ ಹಾಗಿರಲಿ, ಅದರಲ್ಲಿ ಅತ್ತೆ ಯಾರು, ಕುರ್ಚಿ ಯಾವುದು ಎಂದೇ ತಿಳಿಯದು. ದಿನಾ ಅದನ್ನೇ ಹಾಕಿಕೊಂಡು ಕೂರುತ್ತೇನೆ. ಮಗಳ ಹೆಸರು ಬರುವ ಹೊತ್ತಿಗೆ ನನ್ನ ಕನ್ನಡಕ ಹೇಗೂ ಮಂಜಾಗಿರುತ್ತದೆ. ಫೋರ್‌ಕೆ ಇದ್ದಿದ್ದರೂ ನನಗೆ ಕಾಣುತ್ತಿದ್ದದ್ದು ಅಷ್ಟೆ.