ನನ್ನ ಇಂಗ್ಲಿಷ್ ಪರೀಕ್ಷೆಯೂ ನಮ್ಮತ್ತೆಯ ತಕರಾರೂ

ಪ್ರಶ್ನೆ ಕೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವರಿಗೆ ಉತ್ತರ ಹೇಳುವ ಅಭ್ಯಾಸ ತಪ್ಪಿಹೋಗಿರುತ್ತದೆ. ಇದು ನನ್ನ ಸ್ವಂತ ಅನುಭವ. ಯಲಹಂಕದ ಒಂದು ಖಾಸಗಿ ಶಾಲೆಯಲ್ಲಿ ಹದಿನಾಲ್ಕು ವರ್ಷ ಸಮಾಜ ವಿಜ್ಞಾನ ಪಾಠ ಮಾಡುತ್ತಾ, ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿ, "ಕೇಳಿದ್ದಕ್ಕಷ್ಟೇ ಉತ್ತರ ಹೇಳು, ಊರ ಪುರಾಣ ಬೇಡ" ಎಂದು ಗದರಿಸಿಕೊಂಡು ಬಂದವಳು ನಾನು. ನನ್ನನ್ನೂ ಯಾರಾದರೂ ಹೀಗೆ ನಿಲ್ಲಿಸಿ ಕೇಳಬಹುದೆಂಬ ಯೋಚನೆ ಕನಸಿನಲ್ಲೂ ಬಂದಿರಲಿಲ್ಲ. ಬಂದದ್ದು ನಮ್ಮ ಹೆಡ್ ಮಿಸ್ ಒಂದು ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ ಸುದ್ದಿ ಹೇಳಿದಾಗ. "ಸುಜಾತಾ ಮಿಸ್, ಇನ್ಮೇಲೆ ಟಿಇಟಿ ಇಲ್ದೇ ಇರೋರ್ನ ಇಟ್ಕೊಳ್ಳೋಕಾಗಲ್ವಂತೆ. ಮ್ಯಾನೇಜ್‌ಮೆಂಟಿನವ್ರು ಎರಡು ಚಾನ್ಸ್ ಕೊಡ್ತಾರೆ. ಅಷ್ಟ್ರಲ್ಲಿ ಪಾಸ್ ಮಾಡ್ಕೊಂಡ್ಬಿಡಿ" ಎಂದರು. ನಾನು ಅರ್ಧ ತಿಂದ ಮೊಸರನ್ನದ ಡಬ್ಬಿಯನ್ನು ಮುಚ್ಚಿಟ್ಟೆ.

ಟಿಇಟಿ ಎಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಹದಿನಾಲ್ಕು ವರ್ಷ ಪಾಠ ಮಾಡಿದ ಮೇಲೆ ನನಗೆ ಪಾಠ ಮಾಡುವ ಅರ್ಹತೆ ಇದೆಯೇ ಎಂದು ನೋಡುವ ಪರೀಕ್ಷೆ. ಕನ್ನಡ, ಸಮಾಜ, ಮಕ್ಕಳ ಮನಸ್ಸು, ಇವಕ್ಕೆಲ್ಲ ನಾನು ಹೆದರುವವಳಲ್ಲ. ಹೆದರಿದ್ದು ಇಂಗ್ಲಿಷಿಗೆ. ನಾನು ದೊಡ್ಡಬಳ್ಳಾಪುರದ ಕಡೆಯವಳು, ಮೊದಲಿಂದ ಕೊನೆಯವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷಿನಲ್ಲಿ ನಾನು ಯಾರ ಸಹಾಯವೂ ಇಲ್ಲದೆ ಬರೆಯಬಲ್ಲದ್ದು ರಜಾ ಅರ್ಜಿಯೊಂದೇ. ಅದರಲ್ಲೂ ಜ್ವರದ ಅರ್ಜಿ ಮಾತ್ರ ಬಾಯಿಪಾಠವಿತ್ತು. ಆದ್ದರಿಂದ ತಂಗಿಯ ಮದುವೆಗೆ ಹೋಗುವುದಿದ್ದರೂ, ನಾದಿನಿಯ ಸೀಮಂತವಿದ್ದರೂ ಇಂಗ್ಲಿಷಿನಲ್ಲಿ ನನಗೆ ಜ್ವರವೇ ಬರುತ್ತಿತ್ತು. ಇಂಥವಳು ಈಗ ನೂರಾರು ಹೊಸ ಪದಗಳ ಅರ್ಥ ಕಲಿಯಬೇಕಿತ್ತು. ಅದರ ಮೇಲೆ ಪ್ಯಾಸೇಜು ಎಂಬ ಒಂದು ಪುಟ್ಟ ಇಂಗ್ಲಿಷ್ ಕಥೆ ಓದಿ, ಕೆಳಗಿನ ಪ್ರಶ್ನೆಗಳಿಗೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತಿಸಬೇಕಿತ್ತು. ಕೆಲಸ ಹೋದರೆ ಮಗಳ ಕಾಲೇಜಿನ ಗತಿಯೇನು ಎಂಬ ಚಿಂತೆ ಒಂದು ಕಡೆ. ಅದಕ್ಕಿಂತ ಹೆಚ್ಚಾಗಿ, ನಲವತ್ತರ ಹತ್ತಿರ ಬಂದು ಮಕ್ಕಳ ಮುಂದೆ ಫೇಲಾದ ಮಿಸ್ ಎನಿಸಿಕೊಳ್ಳುವ ಭಯ.

ಆಗ ನಾವಿದ್ದದ್ದು ಕೆಂಪಾಪುರದ ಹಳೇ ಊರಿನ ಓಣಿಯಲ್ಲಿ. ಹೊಸ ವಿಮಾನ ನಿಲ್ದಾಣ ಬಂದು ಆರೇಳು ವರ್ಷವಾಗಿತ್ತು. ನಮ್ಮತ್ತೆ ಒಂದು ಕಾಲಕ್ಕೆ ಅವರೆ, ರಾಗಿ ಬೆಳೆದಿದ್ದ ಹೊಲದಲ್ಲಿ ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟು ಎದ್ದಿತ್ತು. ಅತ್ತೆ ಅದನ್ನು "ನಮ್ಮ ಕಟ್ಟೆ ಹೊಲ" ಎಂದೇ ಕರೆಯುತ್ತಿದ್ದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಅವರಿಗೆ ಗೊತ್ತಿಲ್ಲದ ವಿಷಯ ಕೆಂಪಾಪುರದಲ್ಲಿ ನಡೆಯುತ್ತಿರಲಿಲ್ಲ. ಅದು ಅವರೆಕಾಯಿಯ ಕಾಲ. ಆ ಎರಡು ತಿಂಗಳು ಬೆಂಗಳೂರಿನ ಹಳಬರ ಮನೆಗಳಲ್ಲಿ ಮನುಷ್ಯರಿಗಿಂತ ಅವರೆಕಾಳಿಗೆ ಮರ್ಯಾದೆ ಜಾಸ್ತಿ. ಕಾಯಿ ಸುಲಿದು, ಕಾಳು ನೆನೆಹಾಕಿ, ನೆನೆದದ್ದನ್ನು ಒಂದೊಂದೇ ಹೆಬ್ಬೆರಳಿನಲ್ಲಿ ಹಿತುಕಿ ಬೇಳೆ ಬಿಡಿಸಬೇಕು. ಒಂದು ಹೊತ್ತಿನ ಸಾರಿಗೆ ಇಬ್ಬರು ಹೆಂಗಸರು ಎರಡು ಗಂಟೆ ಕೂರಬೇಕು. ಕೈಗೆ ಪೂರ್ತಿ ಕೆಲಸ, ಬಾಯಿಗೆ ಪೂರ್ತಿ ರಜೆ. ಶಾಲೆಯಿಂದ ಬಂದು ಕಾಫಿ ಕುಡಿದ ಮೇಲೆ ನಾನು ಗೈಡನ್ನು ಮಣೆಗೆ ಒರಗಿಸಿಟ್ಟುಕೊಂಡು ಜಗಲಿಯ ಮೇಲೆ ಅತ್ತೆಯ ಎದುರು ಕೂರುತ್ತಿದ್ದೆ. ಕಾಳು ಹಿತುಕುತ್ತಾ ಪದಗಳನ್ನು ಉರು ಹೊಡೆಯುತ್ತಿದ್ದೆ.

"ಏನವ್ವ ಅದು, ಮಂತ್ರ ಏಳ್ದಂಗೆ ಏಳ್ತೀಯ? ನಂಗೂ ಏಳು" ಎಂದು ಅತ್ತೆ ಮೊದಲ ದಿನವೇ ತಕರಾರು ತೆಗೆದರು. ಹೇಳಿದೆ. "ಸ್ಟಬರ್ನ್ ಅಂದ್ರೆ ಹಟಮಾರಿ, ಅತ್ತೆ." ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ನಿನ್ ಗಂಡ." ನಾನು ಮುಂದಿನ ಪದಕ್ಕೆ ಹೋದೆ. "ಸ್ಟಿಂಜಿ ಅಂದ್ರೆ ಜಿಪುಣ." "ನಿಮ್ಮಾವ. ಸತ್ತೋರ್ನ ಅನ್ಬಾರ್ದು, ಆದ್ರೂ ಅವ್ರೇಯ." ಹೀಗೆ ದಿನಕ್ಕೆ ಹತ್ತು ಪದ, ಹತ್ತು ಜನ. ಧಾರಾಳಿಗೆ ನನ್ನ ದೊಡ್ಡತ್ತೆ, ಸೋಮಾರಿಗೆ ಶೆಟ್ಟಿಹಳ್ಳಿಯ ಮೈದುನ, ಬಡಾಯಿ ಕೊಚ್ಚುವವನಿಗೆ ಹಾಲಿನ ಬೂತಿನವನು. ಹದಿನೈದು ದಿನದಲ್ಲಿ ನಮ್ಮ ಬಳಗವೆಲ್ಲ ಇಂಗ್ಲಿಷಿಗೆ ತರ್ಜುಮೆಯಾಗಿತ್ತು. ಯಶವಂತಪುರದಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ ನಮ್ಮ ಯಜಮಾನರು ಸಂಜೆ ಬಂದು, "ಏನ್ ಸಮಾಚಾರ, ಇವತ್ತು ಯಾರ್ ಬಲಿ?" ಎಂದು ಕೇಳಿ ಒಳಗೆ ಹೋಗುತ್ತಿದ್ದರು. ಸುಳ್ಳು ಹೇಳಬಾರದು, ಆ ಪದಗಳಲ್ಲಿ ಒಂದನ್ನೂ ನಾನು ಇವತ್ತಿನವರೆಗೆ ಮರೆತಿಲ್ಲ.

ಫಜೀತಿ ಶುರುವಾದದ್ದು ಪ್ಯಾಸೇಜಿಗೆ ಬಂದಾಗ. ಮೊದಲನೆಯದು ಮಾರ್ಥಾ ಎಂಬ ಮುದುಕಿಯ ಕಥೆ. ಸಮುದ್ರದ ದಡದಲ್ಲಿ ಒಬ್ಬಳೇ ಇರುತ್ತಾಳೆ, ದಿನಾ ಸಂಜೆ ಕಿಟಕಿಯಲ್ಲಿ ದೀಪ ಹಚ್ಚಿಡುತ್ತಾಳೆ, ಬೆಸ್ತರಿಗೆ ದಾರಿ ಕಾಣಲಿ ಎಂದು. ಕನ್ನಡದಲ್ಲಿ ಹೇಳಿ ಮುಗಿಸಿದೆ. ಅತ್ತೆಯ ಹೆಬ್ಬೆರಳು ಕಾಳಿನ ಮೇಲೆ ನಿಂತಿತು. "ಮಕ್ಳಿಲ್ವಾ ಅವ್ಳಿಗೆ?"

"ಪುಸ್ತಕದಲ್ಲಿ ಇಲ್ಲ, ಅತ್ತೆ."

"ಇಲ್ಲ ಅಂದ್ರೆ, ಮಕ್ಳಿಲ್ಲ ಅಂತಾನೋ, ಬರ್ದಿಲ್ಲ ಅಂತಾನೋ?"

ಗೈಡಿನಲ್ಲಿ ಮಾರ್ಥಾಳ ಬಗ್ಗೆ ಐದು ಪ್ರಶ್ನೆಗಳಿದ್ದವು. ಅತ್ತೆಯ ಈ ಪ್ರಶ್ನೆಯಷ್ಟು ಒಳ್ಳೆಯದು ಅವುಗಳಲ್ಲಿ ಒಂದೂ ಇರಲಿಲ್ಲ. "ಸುಮ್ಸುಮ್ನೆ ಯಾರೂ ದಿನಾ ದೀಪ ಇಡಾಕಿಲ್ಲ ಕಣವ್ವ. ಅವ್ಳ ಮಗ ಸಮುದ್ರಕ್ಕೋಗಿ ವಾಪಸ್ ಬಂದಿಲ್ಲ. ಅದನ್ನ ಏಳ್ಕೊಳ್ಳಾಕೆ ಆಗ್ದೆ ಬೆಸ್ತ್ರಿಗೆ ಅಂತಾವ್ಳೆ" ಎಂದು ಅತ್ತೆ ತೀರ್ಪು ಕೊಟ್ಟರು. ನನಗೂ ಅದೇ ಸರಿ ಎನಿಸಿಬಿಟ್ಟಿತು. ಮರುದಿನ, ಅತ್ತೆಯ ಬಾಯಿಂದ ಕಥೆ ಕೇಳಿದ್ದ ಪಕ್ಕದ ಮನೆಯ ಮುಮ್ತಾಜ್ ಆಂಟಿ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಸುಜಾತಾ, ಆ ದೀಪದ್ ಅಜ್ಜಿ ಮಗ ಬಂದ್ನಾ?" ಎಂದು ನಿಜವಾದ ಕಳವಳದಿಂದ ಕೇಳಿದರು. ಅವತ್ತಿನಿಂದ ಒಂದೊಂದು ಪ್ಯಾಸೇಜಿಗೂ ಎರಡೆರಡು ದಿನ ಬೇಕಾಯಿತು. ಬೇಕರಿಯವನು ಭಿಕ್ಷುಕನಿಗೆ ರೊಟ್ಟಿ ಕೊಟ್ಟರೆ ಅವನ ಹೆಂಡತಿ ಏನಂದಳು, ರಾಜಕುಮಾರಿ ಕಾಡಿಗೆ ಹೋದರೆ ಊಟಕ್ಕೇನು ಮಾಡಿದಳು. ಈಗ ಯೋಚಿಸಿದರೆ, ನನ್ನ ಜೀವನದಲ್ಲಿ ನಾನು ಅಷ್ಟು ಸುಖವಾಗಿ ಯಾವುದನ್ನೂ ಓದಿಲ್ಲ.

ಪರೀಕ್ಷೆಯ ದಿನ ಪ್ಯಾಸೇಜು ಒಬ್ಬ ಅಂಚೆಯವನದು. ಮೂವತ್ತು ವರ್ಷ ಸೈಕಲ್ ತುಳಿದು ನಿವೃತ್ತನಾಗುತ್ತಾನೆ, ಸೈಕಲನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟು ನಗುನಗುತ್ತಾ ನಡೆದುಕೊಂಡು ಮನೆಗೆ ಹೋಗುತ್ತಾನೆ. ಅವನಿಗೆ ಏನನ್ನಿಸಿತು? ಸಂತೋಷ, ದುಃಖ, ಕೋಪ, ಭಯ. ನಾನು ಪೆನ್ನು ಹಿಡಿದು ಕೂತೆ. ಮೂವತ್ತು ವರ್ಷದ ಸೈಕಲ್ಲು! ನಗುತ್ತಾ ಹೋದನಂತೆ. ಜನರೆದುರು ಅಳಲು ಆಗುತ್ತದೆಯೇ? ಉತ್ತರದ ಹಾಳೆಯಲ್ಲಿ ದುಃಖದ ಎದುರಿನ ಗುಂಡನ್ನು ನೀಟಾಗಿ ಕಪ್ಪು ಮಾಡಿದೆ. ಉಳಿದ ಪ್ರಶ್ನೆಗಳಿಗೂ ಅಷ್ಟೇ ಆಳವಾಗಿ ಯೋಚಿಸಿ ಉತ್ತರಿಸಿದೆ. ಎರಡು ಅಂಕದಲ್ಲಿ ಫೇಲಾದೆ. ಸರಿಯುತ್ತರಗಳ ಪಟ್ಟಿ ತಾಳೆ ನೋಡಿದರೆ, ಪದಗಳ ಭಾಗದಲ್ಲಿ ಒಂದೂ ತಪ್ಪಿಲ್ಲ. ಅಂಚೆಯವನು ಮಾತ್ರ ಸಂತೋಷವಾಗಿದ್ದ.

ಫಲಿತಾಂಶ ಬಂದ ಸಂಜೆ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಏನಾಯ್ತವ್ವ?" ಎಂದರು. ಇಡೀ ದಿನ ಸ್ಟಾಫ್ ರೂಮಿನಲ್ಲಿ ನಕ್ಕು ನಕ್ಕು ಮುಖ ನೋಯಿಸಿಕೊಂಡಿದ್ದ ನಾನು, "ನಿಮ್ಮಿಂದಾನೇ ಅತ್ತೆ ನಾನು ಫೇಲಾಗಿದ್ದು! ಅದರಲ್ಲಿ ಇಲ್ಲದ್ದನ್ನೆಲ್ಲ ನನ್ನ ತಲೆಗೆ ತುಂಬಿದ್ರಿ" ಎಂದುಬಿಟ್ಟೆ. ಪದಗಳೆಲ್ಲ ಸರಿಯಾದದ್ದು ಯಾರಿಂದ ಎಂದು ಮಾತ್ರ ಹೇಳಲಿಲ್ಲ. ಅತ್ತೆ ಒಲೆಯ ಮೇಲಿಟ್ಟಿದ್ದ ಕಾಫಿಯನ್ನು ಲೋಟಕ್ಕೆ ಬಗ್ಗಿಸಿ ತಂದು ನನ್ನ ಮುಂದಿಟ್ಟು ಒಳಗೆ ಹೋದರು. ನನಗೆ ಆಗಲೇ ನಾಚಿಕೆಯಾಯಿತು. ಆದರೆ ಸೊಸೆಯಾದವಳ ನಾಲಿಗೆ ಜಗಳಕ್ಕೆ ತಿರುಗುವಷ್ಟು ಸಲೀಸಾಗಿ ಕ್ಷಮೆಗೆ ತಿರುಗುವುದಿಲ್ಲ.

ಮುಂದಿನ ಸಲ ಕೋಣೆಯ ಬಾಗಿಲು ಮುಚ್ಚಿಕೊಂಡು ಓದಿದೆ. ಪ್ಯಾಸೇಜಿನಲ್ಲಿ ಏನಿದೆಯೋ ಅಷ್ಟೇ, ಒಂದು ಎಳ್ಳಿನಷ್ಟೂ ಹೆಚ್ಚಿಲ್ಲ. ಹೊರಗೆ ಜಗಲಿಯಲ್ಲಿ ಅತ್ತೆ ಒಬ್ಬರೇ ಕೂತು ರಾಗಿ ಕೇರುವ ಸದ್ದು ಕೇಳುತ್ತಿತ್ತು, ನಾನು ಕಿವಿಗೊಡಲಿಲ್ಲ. ಪಾಸಾದೆ. ಪ್ಯಾಸೇಜಿನಲ್ಲಿ ಪೂರ್ತಿ ಅಂಕ. ಕೆಲಸ ಉಳಿಯಿತು. ಹೆಡ್ ಮಿಸ್ ನನಗೆ ಐದನೇ ತರಗತಿಯ ಇಂಗ್ಲಿಷನ್ನೂ ಕೊಟ್ಟರು. ಅತ್ತೆ ಓಣಿಗೆಲ್ಲ ಮೈಸೂರುಪಾಕು ಹಂಚಿ, "ನಮ್ಮ ಸುಜಾತ ಇಂಗ್ಲಿಷಲ್ಲಿ ಪಾಸು" ಎಂದು ಹೇಳಿಕೊಂಡು ಬಂದರು. ನನ್ನ ಹತ್ತಿರ ಮಾತ್ರ ಬೇಕಾದಷ್ಟೇ ಮಾತು.

ಮತ್ತೆ ಅವರೆಯ ಕಾಲ ಬಂತು. ನಾನು ಐದನೇ ತರಗತಿಯ ವರ್ಕ್‌ಬುಕ್ ಹಿಡಿದುಕೊಂಡು ಜಗಲಿಗೆ ಹೋಗಿ ಕೂತೆ. "ಒಂದು ಕಥೆ ಓದ್ಲಾ, ಅತ್ತೆ?" ಎಂದೆ. "ಓದ್ಕಳವ್ವ. ನಾನೇನೂ ಕೇಳಾಕಿಲ್ಲ. ಕೇಳಿದ್ರೆ ನಿಂಗೆ ತೊಂದ್ರೆ ಆಯ್ತದೆ" ಎಂದರು. ಕೋಪವಿರಲಿಲ್ಲ ಆ ಮಾತಿನಲ್ಲಿ, ಅದೇ ನನ್ನನ್ನು ಹೆಚ್ಚು ಚುಚ್ಚಿದ್ದು. ಎಂಟು ದಿನ ಎಂಟು ಕಥೆ ಓದಿದೆ. ಸಿಂಹ ಸತ್ತಿತು, ಹಡಗು ಮುಳುಗಿತು, ಅನಾಥ ಮಗು ಊರು ಬಿಟ್ಟಿತು. ಅತ್ತೆ ತಲೆ ತಗ್ಗಿಸಿ ಹಿತುಕುತ್ತಲೇ ಇದ್ದರು. ಆ ಮಗುವಿಗೆ ಯಾರು ಅನ್ನ ಹಾಕಿದರು ಎಂದು ಕೂಡ ಕೇಳಲಿಲ್ಲ. ಈಗ ಅತ್ತೆ ಇಲ್ಲ. ಅವರಿಲ್ಲದ್ದಕ್ಕಿಂತ ಆ ಎಂಟು ದಿನ ಎದುರಿಗಿದ್ದೂ ಏನೂ ಕೇಳದೆ ಕೂತದ್ದನ್ನು ನೆನೆದರೆ ನನಗೆ ಜಾಸ್ತಿ ಸಂಕಟವಾಗುತ್ತದೆ.

ಒಂಬತ್ತನೆಯ ದಿನ ಪುಸ್ತಕದ ಒಂದು ಪುಟ ತೆರೆದಿಟ್ಟುಕೊಂಡು, ಅದರಲ್ಲಿ ಇಲ್ಲದ್ದನ್ನೇ ಓದಿದೆ. "ಒಂದೂರಲ್ಲಿ ಒಬ್ಬ ಸೊಸೆ ಇದ್ಲು. ಪರೀಕ್ಷೇಲಿ ಫೇಲಾದ್ಲು. ತಪ್ಪು ತಂದು ಅತ್ತೆ ಮೇಲೆ ಹಾಕಿದ್ಲು. ಆಮೇಲೆ ಅವ್ಳಿಗೆ ತುಂಬಾ ಬೇಜಾರಾಯ್ತು. ತಪ್ಪಾಯ್ತು ಅಂತ ಹೇಳ್ಬೇಕು ಅನ್ಕೊಂಡ್ಲು, ಬಾಯಿ ಬರ್ಲಿಲ್ಲ." ಅಲ್ಲಿಗೆ ನಿಲ್ಲಿಸಿದೆ. ಕಣ್ಣನ್ನು ಪುಸ್ತಕದಿಂದ ಮೇಲೆತ್ತಲಿಲ್ಲ.

ಕೈಯಲ್ಲಿದ್ದ ಕಾಳನ್ನು ಹಿತುಕಿ ಹಾಕಿ ಅತ್ತೆ, "ಮುಂದ್ಕೆ?" ಎಂದರು.

"ಅಷ್ಟೇ ಅತ್ತೆ ಇರೋದು."

"ಅದನ್ನ ಬರ್ದೋನಿಗೆ ಏನೂ ಗೊತ್ತಿಲ್ಲ" ಎಂದರು ಅತ್ತೆ. "ಆ ಅತ್ತೆಗೆ ಅವತ್ತೇ ಗೊತ್ತಾಗಿರ್ತದೆ. ಅವ್ಳೂ ಒಂದ್ ಕಾಲಕ್ಕೆ ಸೊಸೆ ಆಗಿದ್ದೋಳೇ ಅಲ್ವಾ? ಅವ್ಳು ಸುಮ್ನಿದ್ದಿದ್ದು ಕೋಪಕ್ಕಲ್ಲ ಕಣವ್ವ. ಇನ್ನೊಂದ್ಸಲ ಉಡುಗಿ ಫೇಲಾಗ್ಬುಟ್ರೆ ಅಂತ ಭಯಕ್ಕೆ."

ನಾನು ಮೂಗು ಒರೆಸಿಕೊಂಡೆ. ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒತ್ತಿಕೊಂಡು, "ಎಲ್ಲೈತೆ ಅದು, ಕೊಡು ನೋಡಾನ" ಎಂದು ಪುಸ್ತಕವನ್ನು ಕೈಗೆ ತೆಗೆದುಕೊಂಡರು. ನಾನು ತೆರೆದಿದ್ದದ್ದು ಮರುಭೂಮಿಯ ಪಾಠ. ಪುಟದ ತುಂಬ ಒಂದು ಒಂಟೆ ನಿಂತಿತ್ತು. ಅಕ್ಷರ ಬಾರದ ನಮ್ಮತ್ತೆ ಪುಟವನ್ನು ಹತ್ತಿರ ಹಿಡಿದು, ದೂರ ಹಿಡಿದು, ಸಮಾಧಾನವಾಗಿ ನೋಡಿದರು.

"ಎಲ್ಲಾ ಸರಿ ಐತೆ" ಎಂದರು. "ಸೊಸೆ ಅವ್ಳೆ, ಅತ್ತೆ ಅವ್ಳೆ. ಇದ್ರಲ್ಲಿ ಈ ಒಂಟೆ ಯಾಕವ್ವ ಬಂತು?"

ಪ್ಯಾಸೇಜಿನಲ್ಲಿ ಪೂರ್ತಿ ಅಂಕ ತೆಗೆದುಕೊಂಡಿದ್ದ ನಾನು ಆ ಒಂದು ಪ್ರಶ್ನೆಗೆ ಉತ್ತರ ತೋಚದೆ, ಅವರ ಪಾಲಿನ ಕಾಳನ್ನೂ ನನ್ನ ಕಡೆಗೆ ಎಳೆದುಕೊಂಡು ಹಿತುಕತೊಡಗಿದೆ.